ಯುದ್ಧದ ದೃಶ್ಯಕ್ಕೆ ಸದ್ದು, ಸಂಗೀತ ಕೂರಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಸೌಂಡ್ ರೂಮು ಇದೆ. ಮಧುಗಿರಿ ಬೆಟ್ಟದ ಬುಡದಲ್ಲಿ, ಗುಡಿಬಂಡೆಯಲ್ಲಿ, ಕೋಲಾರದ ಅಂತರಗಂಗೆಯ ಬಂಡೆಗಳ ನಡುವೆ ಶೂಟ್ ಮಾಡಿದ ಕಿರುಚಿತ್ರಗಳು ಇಲ್ಲಿಗೆ ಬರುತ್ತವೆ. ಪಾಳೇಗಾರರ ಕಾಲದ ಕಾಳಗಗಳೇ ಜಾಸ್ತಿ. ಹುಡುಗರು ಬಿಸಿಲಲ್ಲಿ ಬೆಂದು ಚಿತ್ರ ತೆಗೆದಿರುತ್ತಾರೆ. ದೃಶ್ಯ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಪ್ಲೇ ಒತ್ತಿದ ಕೂಡಲೇ ಮೊದಲ ಸೆಕೆಂಡಿನಿಂದಲೇ ಸಂಗೀತ ಅಬ್ಬರಿಸುತ್ತದೆ. ಅದರ ಮೇಲೆ ಮೂವತ್ತು ಕತ್ತಿಯ ಸದ್ದು, ಅದರ ಮೇಲೆ ಕಿರುಚಾಟ. ನಾಯಕ ಏನು ಕೂಗಿದ ಅನ್ನೋದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಕಾರಣ ಸಾಮಾನು ಕಡಿಮೆ ಇರುವುದಲ್ಲ. ಕೆಲಸದ ಸರದಿ ತಲೆಕೆಳಗಾಗಿರುವುದು. ಸಂಗೀತ ಮೊದಲು ಬಂದು ಕೂತರೆ ಉಳಿದ ಸದ್ದಿಗೆಲ್ಲ ಜಾಗವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಸರದಿಯನ್ನು ದಯವಿಟ್ಟು ಬದಲಿಸಬೇಡಿ.

ಬೇಕಾಗುವ ಸಾಮಾನು

ಒಂದು ಕೈ ರೆಕಾರ್ಡರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಇಡುವ ಫೈಲ್) ಉಳಿಸುವ ಆ್ಯಪ್ ಹಾಕಿದ ಫೋನೂ ಸಾಕು. ಮೈಕಿಗೆ ತುಪ್ಪಳದ ಗಾಳಿ ಹೊದಿಕೆ ಬೇಕೇ ಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು. ಕಂಪ್ಯೂಟರಿನಲ್ಲಿ ಸದ್ದು ಜೋಡಿಸುವ ಸಾಫ್ಟ್‌ವೇರ್ ಒಂದು, ರೀಪರ್ ಅಥವಾ ಡಾವಿಂಚಿ ರಿಸಾಲ್ವ್. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಒಂದೊಂದೇ ಸದ್ದನ್ನು ಸ್ವಚ್ಛ ಮಾಡಬಹುದು, ಆದರೆ ಅರವತ್ತು ಟ್ರ್ಯಾಕಿನ ಯುದ್ಧವನ್ನು ಅದರಲ್ಲಿ ಕಟ್ಟಲು ಹೋಗಬೇಡಿ.

ರೆಕಾರ್ಡರ್‌ನ ಸೆಟ್ಟಿಂಗಿನಲ್ಲಿ ಎಲ್ಲ ರೆಕಾರ್ಡಿಂಗೂ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇರಲಿ. ಒಂದು ಫೈಲ್ 44.1, ಇನ್ನೊಂದು 48 ಆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸದ್ದಿನ ವೇಗವೇ ಬದಲಾಗಿ ಚಿತ್ರಕ್ಕೆ ಹೊಂದುವುದಿಲ್ಲ.

ಮನೆಯಿಂದ ತರಬೇಕಾದದ್ದು: ಕುಡುಗೋಲು, ಕಬ್ಬಿಣದ ಸರಳು, ಜಾಲರಿ, ತೆಂಗಿನ ಚಿಪ್ಪು, ಗೋಣಿಚೀಲ, ಚರ್ಮದ ಬೆಲ್ಟು, ಎಲೆಕೋಸು, ಕಬ್ಬು, ಟೊಮ್ಯಾಟೊ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಸಂಗೀತ ತೆಗೆದುಹಾಕಿ, ಮೂಕ ಚಿತ್ರ ನೋಡಿ

ಎಡಿಟ್ ಮಾಡುವಾಗ ಲಯಕ್ಕಾಗಿ ಹಾಕಿಕೊಂಡ ಯಾವುದೋ ಸಿನಿಮಾದ ಸಂಗೀತವನ್ನು ಮೊದಲು ಅಳಿಸಿ. ಮ್ಯೂಟ್ ಮಾಡಿದರೆ ಸಾಲದು, ಅಳಿಸಿಯೇಬಿಡಿ. ಎರಡು ವಾರ ಅದನ್ನೇ ಕೇಳಿದ ಕಿವಿಗೆ ಆಮೇಲೆ ಬೇರೆ ಯಾವುದೂ ಹಿಡಿಸುವುದಿಲ್ಲ. ಹಾಗೆಯೇ ಬಿಟ್ಟು ಯೂಟ್ಯೂಬಿಗೆ ಹಾಕಿದರೆ ಹಕ್ಕುಸ್ವಾಮ್ಯದ ದೂರು ಬರುತ್ತದೆ.

ಈಗ ದೃಶ್ಯವನ್ನು ಸದ್ದಿಲ್ಲದೆ ಮೂರು ಸಲ ನೋಡಿ. ಪ್ರತಿ ಶಾಟಿಗೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಇದನ್ನು ಯಾರ ಕಿವಿಯಿಂದ ಕೇಳುತ್ತಿದ್ದೇವೆ? ಕೋಟೆಯ ಮೇಲೆ ನಿಂತ ಪಾಳೇಗಾರನಿಗೆ ಕೆಳಗಿನ ಕಾಳಗ ಒಂದು ಮೊರೆತ ಅಷ್ಟೇ. ಅದೇ ಕಾಳಗದ ನಡುವೆ ಇರುವ ಸಿಪಾಯಿಗೆ ಮೊರೆತ ಕೇಳುವುದಿಲ್ಲ. ತನ್ನ ಉಸಿರು, ಎದುರಿನವನ ಕತ್ತಿ, ಕಾಲ ಕೆಳಗಿನ ಕಲ್ಲು ಕೇಳುತ್ತದೆ. ಕಿವಿ ಯಾರದ್ದು ಎಂದು ಗೊತ್ತಾದರೆ ಯಾವ ಸದ್ದು ಬೇಡ ಅನ್ನೋದೂ ಗೊತ್ತಾಗುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೇಲಿನದರಲ್ಲಿ ಆ ಕ್ಷಣ ಕೇಳಲೇಬೇಕಾದ ಒಂದು ಸದ್ದು. ನಡುವಿನದರಲ್ಲಿ ಅದಕ್ಕೆ ಒತ್ತಾಸೆಯಾಗುವ ಒಂದೆರಡು ಸದ್ದು. ಕೆಳಗಿನದರಲ್ಲಿ ಹಿನ್ನೆಲೆ. ಮೇಲಿನ ಸಾಲಿನಲ್ಲಿ ಯಾವ ಕ್ಷಣಕ್ಕೂ ಎರಡು ಸದ್ದು ಬರಬಾರದು. ಬಂದರೆ ಒಂದನ್ನು ಅರ್ಧ ಸೆಕೆಂಡು ಹಿಂದೆಯೋ ಮುಂದೆಯೋ ತಳ್ಳಿ. ಈ ಹಾಳೆ ಇಲ್ಲದೆ ಮುಂದಿನ ಹಂತಕ್ಕೆ ಹೋದವರು ಯಾವಾಗಲೂ ವಾಪಸ್ ಬಂದಿದ್ದಾರೆ.

ಹಂತ 2: ಜಾಗದ ಸದ್ದು ಹಿಡಿಯಿರಿ

ಶೂಟ್ ಮಾಡಿದ ಜಾಗಕ್ಕೇ ಹೋಗಿ ಯಾರೂ ಮಾತಾಡದೆ ಐದು ನಿಮಿಷ ರೆಕಾರ್ಡ್ ಮಾಡಿ. ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಬೆಳಗಿನ ಹೊತ್ತು ಹಕ್ಕಿಗಳಿರುತ್ತವೆ, ಗಾಡಿಗಳು ಕಡಿಮೆ.

ಗಾಳಿ ಹೊದಿಕೆ ಇಲ್ಲದೆ ನಾನೊಮ್ಮೆ ಗುಡಿಬಂಡೆ ಕೋಟೆ ಹತ್ತಿದ್ದೆ. ಮೂರು ಗಂಟೆಯ ಕೆಲಸದಲ್ಲಿ ಗಾಳಿ ಮೈಕಿಗೆ ಬಡಿದ ಗುಡುಗುಡು ಬಿಟ್ಟರೆ ಇನ್ನೇನೂ ಸಿಗಲಿಲ್ಲ. ಅಂಥ ಗುಡುಗುಡು ಶುರುವಾದರೆ ಅದನ್ನು ಆಮೇಲೆ ತೆಗೆಯಬಹುದು ಎಂದು ನಂಬಬೇಡಿ. ಬಂಡೆಯ ಮರೆಗೆ ಹೋಗಿ, ಮೈಕನ್ನು ನೆಲಕ್ಕೆ ಹತ್ತಿರ ತಂದು ಮತ್ತೆ ರೆಕಾರ್ಡ್ ಮಾಡಿ.

ಅಲ್ಲೇ ಇನ್ನೊಂದು ಕೆಲಸ ಮುಗಿಸಿ. ಒಂದು ದೊಡ್ಡ ಬಲೂನು ಒಡೆದು, ಅದರ ಮಾರ್ದನಿ ಪೂರ್ತಿ ಸಾಯುವವರೆಗೆ ರೆಕಾರ್ಡ್ ಮಾಡಿಕೊಳ್ಳಿ. ರೀಪರ್‌ನಲ್ಲಿ ಮಾರ್ದನಿ ಸೇರಿಸುವ ರಿಯಾವರ್ಬ್‌ಗೆ ಈ ಫೈಲ್ ಕೊಟ್ಟರೆ ರೂಮಿನಲ್ಲಿ ಹಿಡಿದ ಸದ್ದೂ ಅದೇ ಬೆಟ್ಟದ ಬುಡದಲ್ಲಿ ಆದಂತೆ ಕೇಳುತ್ತದೆ. ಒಡೆದ ರಬ್ಬರ್ ಚೂರುಗಳನ್ನು ಆಯ್ದುಕೊಂಡು ಬನ್ನಿ.

ಎಚ್ಚರಿಕೆ: ಮಧುಗಿರಿ ಕೋಟೆಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. ಅಲ್ಲಿ ಪಟಾಕಿ ಹೊಡೆಯುವ ಮಾತೇ ಬೇಡ.

ಹಂತ 3: ಆಯುಧದ ಸದ್ದು ಕಟ್ಟಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೇ. ಇಂಟರ್ನೆಟ್ಟಿನಲ್ಲಿ ಸಿಗುವ ಒಂದು ಕತ್ತಿಯ ಸದ್ದನ್ನು ಇಪ್ಪತ್ತು ಕಡೆ ಅಂಟಿಸಿದರೆ ಮೂರನೇ ಸಲಕ್ಕೇ ಕಿವಿ ಗುರುತು ಹಿಡಿಯುತ್ತದೆ. ಪ್ರತಿ ಏಟಿಗೂ ಕನಿಷ್ಠ ಐದಾರು ಬೇರೆ ಬೇರೆ ಟೇಕ್ ಇಟ್ಟುಕೊಳ್ಳಿ.

ಕತ್ತಿ. ಚರ್ಮದ ಒರೆಯಿಂದ ಕತ್ತಿ ಎಳೆದರೆ ‘ಶ್ರಿಂಗ್’ ಎಂದು ಗಂಟೆಯಂತೆ ಮೊಳಗುವುದಿಲ್ಲ. ಚರ್ಮಕ್ಕೆ ಲೋಹ ಉಜ್ಜಿದ ಮಂದ ಸದ್ದು ಅಷ್ಟೇ. ಬೆಲ್ಟನ್ನು ಮಡಚಿ, ಅದರ ನಡುವಿನಿಂದ ಸ್ಟೀಲ್ ಪಟ್ಟಿ ಎಳೆಯಿರಿ. ಕತ್ತಿಗೆ ಕತ್ತಿ ತಾಕುವುದಕ್ಕೆ ಎರಡು ಪದರ ಬೇಕು. ಮೊಂಡು ಕುಡುಗೋಲಿಗೆ ಸರಳು ಬಡಿದದ್ದು ಭಾರಕ್ಕೆ. ಅಡುಗೆಮನೆಯ ಜಾಲರಿಯನ್ನು ದಾರದಲ್ಲಿ ನೇತುಹಾಕಿ ಬಡಿದದ್ದು ಮೇಲಿನ ಝಣಕ್ಕೆ. ಝಣವನ್ನು ತುಂಬ ಸಣ್ಣಗೆ ಇಡಿ. ಅದು ಜಾಸ್ತಿಯಾದರೆ ಪಾತ್ರೆ ಅಂಗಡಿಯಂತೆ ಕೇಳುತ್ತದೆ.

ಏಟು, ಗಾಯ. ಒದ್ದೆ ಗೋಣಿಚೀಲವನ್ನು ಮಣ್ಣಿನ ನೆಲಕ್ಕೆ ಎಸೆದರೆ ಮನುಷ್ಯ ಬಿದ್ದ ಸದ್ದು. ಎಲೆಕೋಸಿಗೆ ಮಚ್ಚು ಹಾಕಿದರೆ ಕತ್ತಿ ಮೈಗೆ ಇಳಿದ ಸದ್ದು. ಹಸಿ ಕಬ್ಬು ಮುರಿದರೆ ಮೂಳೆ. ಹಣ್ಣಾದ ಟೊಮ್ಯಾಟೊ ಹಿಸುಕಿದರೆ ರಕ್ತದ ಒದ್ದೆತನ. ಕೋಲಾರದ ಕಡೆಯವರಿಗೆ ಟೊಮ್ಯಾಟೊ ಹುಡುಕುವ ಕಷ್ಟವೇ ಇಲ್ಲ. ಮಾರುಕಟ್ಟೆಯಲ್ಲಿ ಬೇಡವೆಂದು ಬಿಟ್ಟ ಹಣ್ಣು ಕೇಳಿದರೂ ಕೊಡುತ್ತಾರೆ. ಆದರೆ ಒಂದು ಮಾತು. ಈ ಸದ್ದುಗಳನ್ನು ಒಂದು ದೃಶ್ಯದಲ್ಲಿ ಎರಡೋ ಮೂರೋ ಕಡೆ ಮಾತ್ರ ಬಳಸಿ. ಪ್ರತಿ ಏಟಿಗೂ ಹಾಕಿದರೆ ನೋವು ಹೋಗಿ ಹಸಿ ಸದ್ದು ಮಾತ್ರ ಉಳಿಯುತ್ತದೆ. ಸಾವು ಹಗುರವಾಗಬಾರದು ಅಲ್ವಾ?

ಕುದುರೆ. ತಿಪಟೂರಿನ ಕಡೆ ತೆಂಗಿನ ಚಿಪ್ಪಿಗೆ ಬರವಿಲ್ಲ. ಎರಡು ಅರ್ಧ ಚಿಪ್ಪು ತೆಗೆದುಕೊಂಡು ಒಣ ಮಣ್ಣು ಹರಡಿದ ಹಲಗೆಯ ಮೇಲೆ ಕುಟ್ಟಿ. ಚಿಪ್ಪಿನೊಳಗೆ ಹಳೇ ಬಟ್ಟೆ ತುರುಕಿ. ಇಲ್ಲದಿದ್ದರೆ ಸಿಮೆಂಟ್ ರಸ್ತೆ ಮೇಲಿನ ಟಾಂಗಾದಂತೆ ಕೇಳುತ್ತದೆ. ಜೀನಿನ ಕಿರಗುಡುವಿಕೆಗೆ ಹಳೇ ಚರ್ಮದ ಚೀಲ ಹಿಂಡಿ.

ಬಂದೂಕು. ಆ ಕಾಲದ ಕೋವಿಯನ್ನು ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಿ, ಗುಂಡು ಹಾಕಿ, ಸರಳಿನಿಂದ ಗಿಡಿಯಬೇಕು. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಮೂರು ಸಲ ಹಾರಿಸುವುದೇ ದೊಡ್ಡ ಮಾತು. ಆದರೂ ಎಷ್ಟೋ ಕಿರುಚಿತ್ರಗಳಲ್ಲಿ ಕೋವಿ ಮಷಿನ್ ಗನ್ನಿನಂತೆ ಬಿಡದೆ ಸಿಡಿಯುತ್ತಿರುತ್ತದೆ. ಸಾಲಾಗಿ ಒಂದು ಸುತ್ತು ಸಿಡಿಯಲಿ. ಆಮೇಲೆ ಸರಳು ಗೀರುವ ಸದ್ದು, ಕೈ ನಡುಗುವ ಸದ್ದು, ಉಸಿರು. ಆ ಇಪ್ಪತ್ತು ಸೆಕೆಂಡಿನ ಕಾಯುವಿಕೆಯೇ ದೃಶ್ಯದ ಜೀವ. ಒಂದು ಗುಂಡಿನ ಒಳಗೂ ಮೂರು ಸದ್ದು ಇದೆ: ಕೋವಿಯ ಕಿಡಿಗಲ್ಲು ಬಡಿದ ‘ಟಕ್’, ಮದ್ದು ಹೊತ್ತಿದ ‘ಸುಸ್’, ಆಮೇಲೆ ‘ಢಂ’.

ಈಗಿನ ಕಾಲದ ಗಡಿ ಯುದ್ಧದ ಕಥೆಯಾದರೆ ಲೆಕ್ಕ ಬೇರೆ. ರೈಫಲಿನ ಗುಂಡು ಸದ್ದಿಗಿಂತ ವೇಗವಾಗಿ ಹೋಗುತ್ತದೆ. ಎದುರಿಗಿರುವವನಿಗೆ ಮೊದಲು ತಲೆಯ ಪಕ್ಕ ‘ಚಟ್’ ಎಂದು ಗಾಳಿ ಸೀಳಿದ ಸದ್ದು, ಆಮೇಲೆ ದೂರದಿಂದ ಬಂದೂಕಿನ ‘ಢಂ’.

ತೋಪು. ಪಟಾಕಿ ಹೊಡೆದು ಅದನ್ನೇ ತೋಪು ಎಂದರೆ ಯಾರೂ ನಂಬುವುದಿಲ್ಲ. ಪಟಾಕಿಯ ಮೊದಲ ಸಿಡಿತ ಮಾತ್ರ ಇಟ್ಟುಕೊಳ್ಳಿ. ಅದರ ಕೆಳಗೆ ದೊಡ್ಡ ಡೊಳ್ಳಿನ ಒಂದೇ ಏಟನ್ನು ಅರ್ಧ ವೇಗಕ್ಕೆ ಇಳಿಸಿ ಸೇರಿಸಿ. ಬಾಲಕ್ಕೆ ಜಲ್ಲಿ ರಾಶಿ ಜಾರಿದ ಸದ್ದು. ಪಟಾಕಿ ಹಿಡಿಯುವಾಗ ರೆಕಾರ್ಡರ್ ಹದಿನೈದು ಇಪ್ಪತ್ತು ಮೀಟರ್ ದೂರವಿರಲಿ, ಗೇನ್ (ರೆಕಾರ್ಡರ್ ಸದ್ದನ್ನು ಹಿಗ್ಗಿಸುವ ಮಟ್ಟ) ತೀರ ಕಡಿಮೆ ಇರಲಿ. ಅತಿ ಜೋರಿನ ಸದ್ದನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೂ ಮೈಕೇ ಒಡೆದುಕೊಂಡರೆ ಫೈಲ್ ಉಳಿಯುವುದಿಲ್ಲ. ಕಿವಿಗೆ ಹತ್ತಿ ಸಾಲದು, ಇಯರ್ ಪ್ಲಗ್ ಹಾಕಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೈದರ್, ಟಿಪ್ಪು ಕಾಲದ ಕಥೆಯಲ್ಲಿ ರಾಕೆಟ್ ಬಂದೇ ಬರುತ್ತದೆ. ಕಬ್ಬಿಣದ ಕೊಳವೆಯ ರಾಕೆಟ್ ಅದು, ಬಿದಿರಿಗೆ ಕಟ್ಟಿರುತ್ತಿದ್ದರು. ಗ್ಯಾಸ್ ಸ್ಟೌವಿನ ಜ್ವಾಲೆಯ ಹುಯಿಲನ್ನು ಹತ್ತಿರದಿಂದ ಹಿಡಿದು, ಬಲದಿಂದ ಎಡಕ್ಕೆ ಸರಿಸುತ್ತಾ ಸ್ವರವನ್ನು ಮೆಲ್ಲಗೆ ಇಳಿಸಿ. ಬಿದಿರು ಗಾಳಿಯಲ್ಲಿ ಬೀಸಿದ ಸದ್ದು ಅದರ ಜೊತೆ ಚೆನ್ನಾಗಿ ಕೂರುತ್ತದೆ.

ಫ್ರೀಸೌಂಡ್‌ನಂಥ ತಾಣದಿಂದ ತಂದ ಫೈಲ್ ಬಳಸುವುದಾದರೆ ಒಂದೊಂದರ ಪರವಾನಗಿಯನ್ನೂ ಓದಿ. ಕೆಲವಕ್ಕೆ ಹೆಸರು ಹಾಕಿದರೆ ಸಾಕು. ಕೆಲವನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ.

ಹಂತ 4: ದೂರವನ್ನು ಕೇಳಿಸಿ

ಮಿಂಚು ಮೊದಲು, ಗುಡುಗು ಆಮೇಲೆ. ತೋಪಿಗೂ ಇದೇ ನಿಯಮ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ ಒಂದು ಫ್ರೇಮಿಗೆ ಸುಮಾರು 14 ಮೀಟರ್. ಇನ್ನೂರು ಮೀಟರ್ ದೂರದ ತೋಪಿನ ಹೊಗೆ ಕಂಡ ಮೇಲೆ 14 ಫ್ರೇಮ್ ಬಿಟ್ಟು ಸದ್ದು ಹಾಕಿ. ಪ್ರೇಕ್ಷಕರ ಎದೆ ಆ ಅರ್ಧ ಸೆಕೆಂಡಿನಲ್ಲೇ ಬಿಗಿಯಾಗುತ್ತದೆ. ಹತ್ತಿರದ ಶಾಟಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಸಿಂಕ್ (ಚಿತ್ರಕ್ಕೂ ಸದ್ದಿಗೂ ಇರುವ ಹೊಂದಿಕೆ) ತಪ್ಪಿದೆ ಅಂದುಕೊಳ್ಳುತ್ತಾರೆ.

ದೂರ ಹೋದಂತೆ ಸದ್ದಿನ ಮೇಲಿನ ಚೂಪು ಹೋಗುತ್ತದೆ. ಬರೀ ವಾಲ್ಯೂಮ್ ಇಳಿಸಿದರೆ ದೂರ ಆಗುವುದಿಲ್ಲ. ಸುಮಾರು 3000 ಹರ್ಟ್ಸ್‌ಗಿಂತ (ಹರ್ಟ್ಸ್ ಹೆಚ್ಚಿದಷ್ಟೂ ಸದ್ದು ಚೂಪು) ಮೇಲಿನದನ್ನು ಮೆಲ್ಲಗೆ ಕತ್ತರಿಸಿ.

ಇನ್ನೊಂದು ಪದೇ ಪದೇ ಕಾಣುವ ತಪ್ಪು, ಬಯಲಿನ ಕಾಳಗಕ್ಕೆ ಕಲ್ಯಾಣ ಮಂಟಪದ ಮಾರ್ದನಿ ಹಾಕುವುದು. ಬಯಲಲ್ಲಿ ಹಾಗೆ ಎಳೆದುಕೊಂಡು ಹೋಗುವ ಮಾರ್ದನಿ ಇಲ್ಲ. ದೊಡ್ಡ ಬಂಡೆ ಎದುರಿಗಿದ್ದರೆ ಒಂದೇ ಒಂದು ಪ್ರತಿಧ್ವನಿ ಬಿಡಿಯಾಗಿ ವಾಪಸ್ ಬರುತ್ತದೆ. ಬಂಡೆ 170 ಮೀಟರ್ ದೂರದಲ್ಲಿದ್ದರೆ ಸರಿಯಾಗಿ ಒಂದು ಸೆಕೆಂಡಿಗೆ. ಮಧುಗಿರಿಯ ಏಕಶಿಲೆಯ ಎದುರು ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ.

ಹಂತ 5: ಜನರ ಕೂಗು

ರೂಮಿನೊಳಗೆ ಕೂಗಿದ ಕೂಗು ರೂಮಿನದ್ದೇ ಆಗಿರುತ್ತದೆ. ಹತ್ತು ಜನರನ್ನು ಬಯಲಿಗೆ ಕರೆದುಕೊಂಡು ಹೋಗಿ. ಮೂರು ಮೀಟರ್, ಹತ್ತು ಮೀಟರ್, ಮೂವತ್ತು ಮೀಟರ್ ದೂರದಿಂದ ಬೇರೆ ಬೇರೆ ರೆಕಾರ್ಡ್ ಮಾಡಿ. ಪ್ರತಿ ಸಲವೂ ನಿಂತ ಜಾಗ ಮತ್ತು ದನಿ ಬದಲಿಸಲಿ. ಹತ್ತು ಟೇಕ್ ಸೇರಿಸಿದರೆ ನೂರು ಜನ. ಎಲ್ಲರೂ ಒಟ್ಟಿಗೆ ಒಂದೇ ಮಾತು ಕೂಗಿದರೆ ಘೋಷಣೆ ಆಗುತ್ತದೆ, ಕಾಳಗ ಆಗುವುದಿಲ್ಲ. ಒಬ್ಬ ಹೆಸರು ಕರೆಯಲಿ, ಒಬ್ಬ ನೀರು ಕೇಳಲಿ, ಒಬ್ಬ ಬರೀ ಏದುಸಿರು ಬಿಡಲಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕನ್ನಡದ ಜೊತೆ ತೆಲುಗು, ಉರ್ದು ಬೆರೆತೇ ಇರುತ್ತದೆ. ಆ ಬೆರಕೆ ಗುಂಪಿನ ಕೂಗಿನಲ್ಲೂ ಇರಲಿ, ಆಗ ಅದು ಈ ನೆಲದ ಸೈನ್ಯ ಅನಿಸುತ್ತದೆ.

ಎಷ್ಟು ಸದ್ದು ಸಾಕು ಅನ್ನುವುದಕ್ಕೆ ಅಮೆರಿಕದ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಹೇಳುವ ಎರಡೂವರೆ ನಿಯಮ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಇಬ್ಬರ ಹೆಜ್ಜೆಯನ್ನು ಕಿವಿ ಬಿಡಿಬಿಡಿಯಾಗಿ ಹಿಂಬಾಲಿಸುತ್ತದೆ. ಮೂರನೆಯವನು ಬಂದ ಕೂಡಲೇ ಅದು ಗುಂಪು. ಆದ್ದರಿಂದ ಚಿತ್ರದಲ್ಲಿ ಐವತ್ತು ಜನ ಇದ್ದರೂ ಇಬ್ಬರ ಕತ್ತಿಗೆ ಮಾತ್ರ ಸರಿಯಾದ ಸಿಂಕ್ ಕೊಡಿ. ಉಳಿದವರಿಗೆ ಗುಂಪಿನ ಒಂದು ಹಾಸು ಸಾಕು. ನಲವತ್ತೆಂಟು ಜನರ ಸಿಂಕ್ ಹಿಡಿಯುತ್ತಾ ನಿದ್ದೆಗೆಡಬೇಡಿ.

ಹಂತ 6: ಎಲ್ಲಿ ಸುಮ್ಮನಿರಬೇಕು

ಸಂಗೀತಕ್ಕೆ ಹೋಗುವ ಮೊದಲು ಮೌನದ ಜಾಗ ಗುರುತು ಮಾಡಿ. ದೊಡ್ಡ ಸ್ಫೋಟ ದೊಡ್ಡದಾಗಿ ಕೇಳಬೇಕೆಂದರೆ ಅದರ ಹಿಂದಿನ ಒಂದು ಸೆಕೆಂಡನ್ನು ಖಾಲಿ ಮಾಡಿ. ವಾಲ್ಯೂಮ್ ಮೇಲೆತ್ತುವುದಕ್ಕಿಂತ ಇದು ಹತ್ತು ಪಾಲು ಕೆಲಸ ಮಾಡುತ್ತದೆ.

ಮೌನ ಅಂದರೆ ಸೊನ್ನೆಯಲ್ಲ. ಸೊನ್ನೆ ಇಟ್ಟರೆ ಸ್ಪೀಕರ್ ಕೆಟ್ಟಿತೆಂದು ಜನ ತಿರುಗಿ ನೋಡುತ್ತಾರೆ. ಎರಡನೇ ಹಂತದಲ್ಲಿ ಹಿಡಿದ ಜಾಗದ ಸದ್ದು ಇಲ್ಲಿ ಬರಲಿ. ಕಾಳಗ ಮುಗಿದ ಬಯಲಿಗೆ ನಾನೊಮ್ಮೆ ಶಿಡ್ಲಘಟ್ಟದ ರೇಷ್ಮೆ ಮನೆಯಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹಾಕಿದೆ. ಸಣ್ಣ ಮಳೆಯಂತೆ ಕೇಳುತ್ತದೆ, ಆದರೆ ಮಳೆಯಲ್ಲ. ಹೆಣಗಳ ಮೇಲೆ ಏನೋ ಹರಿದಾಡುತ್ತಿದೆ ಅನಿಸಿ ನೋಡಿದವರು ಮಾತಾಡಲಿಲ್ಲ.

ಸ್ಫೋಟದ ನಂತರ ಕಿವಿಯಲ್ಲಿ ‘ಕುಂಯ್’ ಎನ್ನುವ ಪರಿಣಾಮ ಎಲ್ಲರಿಗೂ ಇಷ್ಟ. ಇಡೀ ಚಿತ್ರಕ್ಕೆ ಒಂದೇ ಸಲ ಇರಲಿ. ಉಳಿದ ಸದ್ದನ್ನೆಲ್ಲ 500 ಹರ್ಟ್ಸ್‌ಗಿಂತ ಮೇಲೆ ಕತ್ತರಿಸಿ, ಸಣ್ಣಗೆ ಒಂದು ಎತ್ತರದ ಸ್ವರ ಇಟ್ಟು, ನಾಲ್ಕೈದು ಸೆಕೆಂಡಿನಲ್ಲಿ ಮೆಲ್ಲಗೆ ವಾಪಸ್ ತನ್ನಿ.

ಹಂತ 7: ಈಗ ಸಂಗೀತ

ಇಲ್ಲಿಗೆ ಬರುವ ಹೊತ್ತಿಗೆ ಸಂಗೀತವಿಲ್ಲದೆಯೇ ದೃಶ್ಯ ನಿಂತಿರಬೇಕು. ನಿಲ್ಲದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದಲ್ಲಿ ಸೈನಿಕರು ಕಡಲ ತೀರಕ್ಕೆ ಇಳಿಯುವ ಆ ಉದ್ದನೆಯ ಕಾಳಗಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಅಷ್ಟು ದೊಡ್ಡ ಬಜೆಟ್ಟಿನವರು ಬೇಡವೆಂದು ಬಿಟ್ಟ ಜಾಗದಲ್ಲಿ ನಾವೂ ಒಮ್ಮೆ ಯೋಚಿಸಬೇಕು.

ಮೊದಲು ಎರಡು ಬಗೆ ಬೇರೆ ಮಾಡಿ. ನಗಾರಿ, ಕಹಳೆ, ಕೊಂಬು ಕಥೆಯ ಒಳಗಿನ ಸದ್ದು. ಸಿಪಾಯಿಗೂ ಕೇಳುತ್ತದೆ, ಅದಕ್ಕೆ ಅವನು ತಿರುಗಿ ನೋಡುತ್ತಾನೆ. ಅದು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬರುತ್ತಿದೆ ಅನ್ನೋದನ್ನು ನಾಲ್ಕನೇ ಹಂತದಂತೆ ಕೂರಿಸಿ. ಹಿನ್ನೆಲೆ ಸಂಗೀತ ಪ್ರೇಕ್ಷಕರಿಗೆ ಮಾತ್ರ. ಎರಡೂ ಒಟ್ಟಿಗೆ ತಾಳ ಹಿಡಿದರೆ ಯಾವುದು ಯಾವುದೋ ತಿಳಿಯದೆ ಕಲಸುಮೇಲೋಗರ ಆಗುತ್ತದೆ. ಒಳಗಿನ ನಗಾರಿ ನಿಲ್ಲುವ ಕಡೆ ಹಿನ್ನೆಲೆ ಶುರುವಾದರೆ ಚೆನ್ನ.

ಜಾಗ ಆರಿಸುವಾಗ ಕಾಳಗದ ನಟ್ಟನಡುವೆ ಬೇಡ. ಶುರುವಾಗುವ ಮೊದಲಿನ ಕಾಯುವಿಕೆಯಲ್ಲಿ ಹಾಕಿ, ಮೊದಲ ಏಟಿಗೆ ನಿಲ್ಲಿಸಿ. ಅಥವಾ ಎಲ್ಲ ಮುಗಿದು ಒಬ್ಬ ತಾಯಿ ಬಯಲಿಗೆ ಬಂದಾಗ ಶುರು ಮಾಡಿ. ಶಾಟ್ ಬದಲಾಗುವ ಪ್ರತಿ ಕಟ್‌ಗೂ ಡ್ರಮ್ಮಿನ ಏಟು ಕೂರಿಸಬೇಡಿ. ಮೂರು ಕಟ್‌ಗೊಮ್ಮೆ ಸಿಕ್ಕರೆ ಸಾಕು.

ತಮಟೆ ಹಾಕಬೇಕು ಅನ್ನೋರು ಕಂಪ್ಯೂಟರಿನ ಸ್ಯಾಂಪಲ್ ಬಿಟ್ಟು ಕಲಾವಿದರ ಹತ್ತಿರ ಹೋಗಿ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಚಿಕ್ಕಬಳ್ಳಾಪುರ ಜಿಲ್ಲೆಯವರು. ಈ ಸೀಮೆಯಲ್ಲಿ ಬಾರಿಸುವವರಿಗೆ ಕೊರತೆಯಿಲ್ಲ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಆರಿದಂತೆ ಸಡಿಲವಾಗುತ್ತದೆ. ಆದ್ದರಿಂದ ಮೈಕ್, ಲೆವೆಲ್ ಎಲ್ಲ ಸಿದ್ಧ ಮಾಡಿಕೊಂಡ ಮೇಲೆಯೇ ಕಾಯಿಸಲು ಹೇಳಿ. ಮೈಕ್ ಎರಡು ಮೂರು ಮೀಟರ್ ದೂರವಿರಲಿ, ಅತಿ ಜೋರಿನ ಏಟೂ ರೆಕಾರ್ಡರ್‌ನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಆರಿದ ತಮಟೆಯ ಸಡಿಲ ದನಿಯನ್ನೂ ಒಂದು ಟೇಕ್ ಹಿಡಿದಿಡಿ. ಸೋಲಿನ ದೃಶ್ಯಕ್ಕೆ ಅದಕ್ಕಿಂತ ಹೊಂದುವ ವಾದ್ಯ ನನಗೆ ಇನ್ನೂ ಸಿಕ್ಕಿಲ್ಲ. ಕೆಲಸ ಮುಗಿದ ಕೂಡಲೇ ಕಲಾವಿದರಿಗೆ ದುಡ್ಡು ಕೊಡಿ, ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ.

ಹಂತ 8: ಮಿಕ್ಸಿಂಗ್

ಮಾತು ಮೊದಲು. ಮಾತು ಸರಿಯಾಗಿ ಕೇಳುವ ಮಟ್ಟ ಗೊತ್ತು ಮಾಡಿ, ಅದರ ಸುತ್ತ ಉಳಿದದ್ದನ್ನು ತನ್ನಿ. ಮಾತಿನ ಸ್ಪಷ್ಟತೆ ಹೆಚ್ಚಾಗಿ 1000ದಿಂದ 4000 ಹರ್ಟ್ಸ್ ನಡುವೆ ಇರುತ್ತದೆ. ಕತ್ತಿ, ತಮಟೆ, ಕಿರುಚಾಟ ಎಲ್ಲವೂ ಅಲ್ಲೇ ಬಂದು ಮುಗಿಬೀಳುತ್ತವೆ. ಮಾತು ಬರುವ ಕಡೆ ಅವುಗಳನ್ನು ಅಷ್ಟೇ ಭಾಗದಲ್ಲಿ ಮೂರು ನಾಲ್ಕು ಡೆಸಿಬೆಲ್ ತಗ್ಗಿಸಿ.

ತೋಪಿನ ಆಳದ ಸದ್ದು ಫೋನಿನ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಅದಕ್ಕೆ ವಾಲ್ಯೂಮ್ ಏರಿಸಬೇಡಿ. ಸ್ವಲ್ಪ ಸ್ಯಾಚುರೇಷನ್ (ಸದ್ದನ್ನು ತುಸು ಒರಟಾಗಿಸುವ ಪರಿಣಾಮ) ಹಾಕಿ 150ರಿಂದ 300 ಹರ್ಟ್ಸ್ ಭಾಗವನ್ನು ದಪ್ಪ ಮಾಡಿ.

ಗಂಟೆಗೊಮ್ಮೆ ಹತ್ತು ನಿಮಿಷ ಹೆಡ್‌ಫೋನ್ ತೆಗೆಯಿರಿ. ದಣಿದ ಕಿವಿ ಇನ್ನೂ ಜೋರು, ಇನ್ನೂ ಜೋರು ಎಂದು ಕೇಳುತ್ತದೆ. ಇಡೀ ದೃಶ್ಯದಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರ್ ಒಂದೇ ಕಡೆ ಅಂಟಿಕೊಂಡು ನಿಂತಿದ್ದರೆ ಅದೇ ದೊಡ್ಡ ಅಪಾಯದ ಸೂಚನೆ. ಕಾಳಗದಲ್ಲಿ ಏರಿಳಿತವೇ ಇಲ್ಲ ಎಂದರ್ಥ.

ಹಂತ 9: ಹೊರಗೆ ಕೇಳಿಸಿ ನೋಡಿ

ಫೋನು, ಕಾರು, ಟಿವಿ, ಹೆಡ್‌ಫೋನ್, ನಾಲ್ಕರಲ್ಲೂ ಕೇಳಿ. ಒಮ್ಮೆ ಮೋನೋಗೆ (ಎಡ, ಬಲ ಎರಡೂ ಒಂದಾಗುವಂತೆ) ಹಾಕಿ ಕೇಳಿ. ಊರಿನ ಶಾಮಿಯಾನದ ಕೆಳಗೆ, ಶಾಲೆಯ ಸಭಾಂಗಣದಲ್ಲಿ ತೋರಿಸುವಾಗ ಬಹಳ ಸಲ ಒಂದೇ ಚಾನೆಲ್ ಕೆಲಸ ಮಾಡುತ್ತಿರುತ್ತದೆ. ಒಂದು ಪ್ರದರ್ಶನದಲ್ಲಿ ಬಲಗಡೆ ಮಾತ್ರ ಇಟ್ಟಿದ್ದ ತಾಯಿಯ ಅಳು ಯಾರಿಗೂ ಕೇಳಲೇ ಇಲ್ಲ. ಅಂದಿನಿಂದ ಮುಖ್ಯವಾದದ್ದನ್ನೆಲ್ಲ ನಾನು ನಡುವೆಯೇ ಇಡುತ್ತೇನೆ.

ಚಿತ್ರ ನೋಡಿರದ ಒಬ್ಬರನ್ನು ಕೂರಿಸಿ, ಕಣ್ಣು ಮುಚ್ಚಿ ಬರೀ ಕೇಳಲು ಹೇಳಿ. ಯಾರು ಎಲ್ಲಿದ್ದಾರೆ, ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿ. ಉತ್ತರ ಬರದಿದ್ದರೆ ಮೊದಲ ಹಂತದ ಹಾಳೆ ತೆಗೆದು, ಆ ಕ್ಷಣದ ಮೇಲಿನ ಸಾಲಿನಲ್ಲಿ ಏನು ಬರೆದಿದ್ದಿರಿ ನೋಡಿ.

ಕೊನೆಗೆ ಫೈಲ್ ಕೊಡುವಾಗ ಮಾತು, ಸದ್ದು, ಸಂಗೀತ ಮೂರನ್ನೂ ಬೇರೆ ಬೇರೆಯಾಗಿಯೂ ಉಳಿಸಿ. ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್‌ಗಿಂತ (ಲಫ್ಸ್ ಅಂದರೆ ಒಟ್ಟಾರೆ ಜೋರಿನ ಅಳತೆ) ಜೋರಾದದ್ದನ್ನು ತಾನೇ ತಗ್ಗಿಸುತ್ತದೆ, ಆದ್ದರಿಂದ ಅದಕ್ಕಿಂತ ಮೇಲೆ ಒತ್ತಿ ಪ್ರಯೋಜನವಿಲ್ಲ. ಎಲ್ಲ ಮೂಲ ರೆಕಾರ್ಡಿಂಗನ್ನೂ ದಿನಾಂಕ, ಜಾಗ, ವಸ್ತುವಿನ ಹೆಸರು ಬರೆದು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಈ ಸಲ ಹಿಡಿದ ಕುಡುಗೋಲು, ಡೊಳ್ಳು ಮುಂದಿನ ಚಿತ್ರಕ್ಕೂ ಬೇಕಾಗುತ್ತದೆ.